‘ಸಚ್ ಎ ಫನ್ ಏಜ್’: ಅಲೀಕ್ಸ್‌ಳ ಅಕ್ಕರೆಯನ್ನು ಹೇಗೆ ಓದಬೇಕು?

ಪ್ರಶ್ನೆ:
ಕೈಲಿ ರೀಡ್ ಅವರ ‘ಸಚ್ ಎ ಫನ್ ಏಜ್’ (2019) ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ಫಿಲಡೆಲ್ಫಿಯಾದ ದುಬಾರಿ ದಿನಸಿ ಅಂಗಡಿಯೊಂದರಲ್ಲಿ, ರಾತ್ರಿ ಹೊತ್ತಿನಲ್ಲಿ ತಾನು ನೋಡಿಕೊಳ್ಳುವ ಬಿಳಿಯರ ಮಗುವನ್ನು ಕರೆತಂದಿದ್ದ ಕಪ್ಪು ಯುವತಿ ಎಮಿರಾಳನ್ನು ಮಕ್ಕಳ ಕಳ್ಳಿಯೆಂದು ಶಂಕಿಸಿ ಕಾವಲುಗಾರ ತಡೆಯುತ್ತಾನೆ. ಅವನ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಗೊಂದಲವಿರುವುದು ಮಗುವಿನ ತಾಯಿ ಅಲೀಕ್ಸ್‌ಳ ಬಗ್ಗೆ. ಆಕೆ ಎಮಿರಾಳನ್ನು ಗದರುವುದಿಲ್ಲ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ತನ್ನ ಮನೆಗೇ ಕರೆಯುತ್ತಾಳೆ. ಇಂಥವಳನ್ನೂ ಲೇಖಕಿ ಕಟಕಟೆಯಲ್ಲಿ ನಿಲ್ಲಿಸಿದ್ದು ಅತಿಯಾಯಿತೇ?

ಉತ್ತರ 1:
ಅತಿಯಾಯಿತೆಂದು ನನಗೆ ಅನ್ನಿಸಲಿಲ್ಲ. ಎಮಿರಾಳ ಮೊಬೈಲಿನ ಪರದೆಯ ಮೇಲೆ ಮೂಡುವ ಸಂದೇಶಗಳನ್ನು ಅಲೀಕ್ಸ್ ಕದ್ದು ಓದುತ್ತಾಳೆ. ಒಡತಿಯ ಮೊಬೈಲನ್ನು ಎಮಿರಾ ಹಾಗೆ ಇಣುಕಿ ನೋಡಿದ್ದರೆ ಮರುದಿನ ಕೆಲಸ ಉಳಿಯುತ್ತಿತ್ತೇ? ಅಂಗಡಿಯಲ್ಲಿ ನಡೆದುದರ ವಿಡಿಯೊ ಹೊರಬರುವುದು ಎಮಿರಾಳಿಗೆ ಬೇಕಿರಲಿಲ್ಲ. ಅದನ್ನು ಅವಳ ಇಮೇಲಿನಿಂದ ತೆಗೆದು ಊರಿಗೆಲ್ಲ ತಲುಪಿಸುವವಳು ಅಲೀಕ್ಸ್, ಅದೂ ಅವಳ ಒಳ್ಳೆಯದಕ್ಕೆಂದೇ ನಂಬಿಕೊಂಡು. ಇಷ್ಟೆಲ್ಲ ಅಕ್ಕರೆಯ ನಡುವೆ ಎಮಿರಾಳನ್ನು ಕಾಡುವ ಚಿಂತೆ ತೀರ ಸರಳವಾದದ್ದು: ಅಮೆರಿಕದ 2010ರ ಕಾನೂನಿನ ಪ್ರಕಾರ ತಂದೆತಾಯಿಯ ಆರೋಗ್ಯ ವಿಮೆಯಲ್ಲಿ ಮಕ್ಕಳು 26 ತುಂಬುವವರೆಗೆ ಮಾತ್ರ ಇರಬಹುದು, ಅವಳಿಗಾಗಲೇ 25 ಆಗಿದೆ.

ಉತ್ತರ 2:
ವಿಮೆಯ ಮಾತು ಬಂದುದರಿಂದ ಒಂದು ವಿಷಯ ಸೇರಿಸುತ್ತೇನೆ. ಅಮೆರಿಕದಲ್ಲಿ ಕನಿಷ್ಠ ವೇತನವನ್ನು ಜಾರಿಗೆ ತಂದ 1938ರ ಕಾನೂನು ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿತ್ತು. ಆಗ ದಕ್ಷಿಣದ ರಾಜ್ಯಗಳಲ್ಲಿ ಮನೆಗೆಲಸದವರಲ್ಲಿ ಬಹುಪಾಲು ಕಪ್ಪು ಹೆಂಗಸರೇ ಆಗಿದ್ದರು. 1974ರಲ್ಲಿ ಮನೆಗೆಲಸದವರು ಆ ಕಾನೂನಿನೊಳಗೆ ಬಂದರಾದರೂ, ಆಗೊಮ್ಮೆ ಈಗೊಮ್ಮೆ ಮಗು ನೋಡಿಕೊಳ್ಳುವವರು ಹೊರಗೇ ಉಳಿದರು. ಆದ್ದರಿಂದ ಅಲ್ಲಿ ‘ಬೇಬಿಸಿಟರ್’ (ಆಗೀಗ ಬಂದು ಮಗು ನೋಡಿಕೊಳ್ಳುವವಳು) ಎನಿಸಿಕೊಳ್ಳುವುದಕ್ಕೂ ‘ನ್ಯಾನಿ’ (ಅದೇ ಕೆಲಸಕ್ಕೆ ಕಾಯಮ್ಮಾಗಿ ಇರುವವಳು) ಎನಿಸಿಕೊಳ್ಳುವುದಕ್ಕೂ ಇರುವ ಅಂತರ ಬರೀ ಮಾತಿನದಲ್ಲ. ಕನ್ನಡದಲ್ಲಿ ಎರಡನ್ನೂ ‘ಆಯಾ’ ಎಂದುಬಿಟ್ಟರೆ ಕಾದಂಬರಿಯ ಅರ್ಧ ಜಗಳವೇ ಕಾಣದಂತಾಗುತ್ತದೆ.

ಉತ್ತರ 3:
ಇದರ ಜೊತೆಗೆ ಲೇಲಾ ಸ್ಲಿಮಾನಿಯವರ ‘ಶಾನ್ಸೋಂ ದೂಸ್’ ಕಾದಂಬರಿಯನ್ನು ಓದಿ ನೋಡಿ. 2016ರಲ್ಲಿ ಫ್ರಾನ್ಸಿನ ಹೆಸರಾಂತ ಸಾಹಿತ್ಯ ಗೌರವವಾದ ಗೊನ್‌ಕೂರ್ ಪ್ರಶಸ್ತಿ ಪಡೆದ ಕೃತಿಯದು. ಪ್ಯಾರಿಸ್ಸಿನ ಆ ಮನೆಯಲ್ಲಿ ಒಡತಿ ಮಿರಿಯಮ್ ಉತ್ತರ ಆಫ್ರಿಕಾ ಮೂಲದವಳು, ಮಕ್ಕಳನ್ನು ನೋಡಿಕೊಳ್ಳುವ ಲೂಯಿಸ್ ಬಿಳಿಯಳು. ತನ್ನ ಮೂಲದವಳೇ ಕೆಲಸಕ್ಕೆ ಬಂದರೆ ಸಲಿಗೆ ಬೆಳೆದೀತೆಂದು ಮಿರಿಯಮ್ ಮೊದಲೇ ಎಚ್ಚರ ವಹಿಸುತ್ತಾಳೆ. ಬಣ್ಣ ಅದಲುಬದಲಾದರೂ ಮನೆಯ ಬೀಗದ ಕೈ ಯಾರದೆಂಬುದು ಬದಲಾಗುವುದಿಲ್ಲ. ಆದರೆ ಇದನ್ನೇ ಹಿಡಿದು ವರ್ಣಭೇದ ಗೌಣವೆಂದು ವಾದಿಸುವುದನ್ನು ನಾನು ಒಪ್ಪುವುದಿಲ್ಲ. ಲೂಯಿಸ್ ಆ ಅಂಗಡಿಗೆ ಹೋಗಿದ್ದರೆ ಕಾವಲುಗಾರ ಅವಳನ್ನು ತಡೆಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಮೊಬೈಲಿನ ಪ್ರಸಂಗವನ್ನು ನಾನು ಓದುವಾಗ ತಮಾಷೆಯೆಂದು ದಾಟಿಬಿಟ್ಟಿದ್ದೆ. ಆದರೂ ಒಂದು ಮಾತು ಉಳಿಯುತ್ತದೆ. ಎಮಿರಾಳಿಗೆ ಅಲೀಕ್ಸ್‌ಳ ಮೊದಲ ಮಗಳು ಪುಟ್ಟ ಬ್ರಾಯರ್ ಮೇಲಿದ್ದ ಪ್ರೀತಿ ನಿಜವಾದದ್ದು, ಕೂಸಾಗಿದ್ದ ಎರಡನೆಯ ಮಗಳಲ್ಲೇ ತಾಯಿ ಮುಳುಗಿದ್ದ ಹೊತ್ತಿನಲ್ಲಿ ಬ್ರಾಯರ್‌ಳ ಮುಗಿಯದ ಪ್ರಶ್ನೆಗಳಿಗೆ ಕಿವಿಗೊಟ್ಟವಳು ಅವಳೇ. ಹಾಗಿದ್ದೂ ಎಮಿರಾ ಕೆಲಸ ಬಿಡಬೇಕಾದಾಗ ಆ ಮಗುವಿನ ಮೇಲೆ ಅವಳಿಗೆ ಯಾವ ಹಕ್ಕೂ ಇರುವುದಿಲ್ಲ. ಎರಡನೆಯ ಸಲ ಓದುವಾಗ ಅಲೀಕ್ಸ್‌ಳನ್ನು ಬಿಟ್ಟು ಈ ಎಳೆಯನ್ನೇ ಹಿಡಿದು ಹೋಗುತ್ತೇನೆ.