ಸಮುದ್ರ ಮಟ್ಟದ ಸೊನ್ನೆ ಎಲ್ಲಿದೆ? ಸರ್ವೇಯರ್ ಅವರನ್ನು ಕೇಳಿ

ಗಜನಿ ರೈತ, ಕುಮಟಾ: ಸರ್, ಅಘನಾಶಿನಿ ಹಿನ್ನೀರಿನ ಬದಿ ನಮ್ಮ ಗಜನಿ, ಅಂದ್ರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಕಟ್ಟೆ ತಲೆ ಸಮುದ್ರ ಮಟ್ಟದಿಂದ 0.9 ಮೀಟರ್ ಮೇಲಿದೆ ಅಂತ ಅಳೆದವರು ಬರೆದುಕೊಟ್ಟಿದ್ದಾರೆ. ಬಂದರಿನ ಭರತ-ಇಳಿತದ ಕೋಷ್ಟಕದಲ್ಲಿ ಅಮಾಸೆ ಭರತ 1.9 ಮೀಟರ್. ಕಟ್ಟೆ ಮೇಲೆ ಒಂದು ಮೀಟರ್ ನೀರು ಹರೀಬೇಕಿತ್ತಲ್ಲ? ಹರಿಯೋದಿಲ್ಲ. ಯಾರದು ತಪ್ಪು?

ಸರ್ವೇಯರ್: ಯಾರದೂ ಅಲ್ಲ, ಎರಡರ ಸೊನ್ನೆ ಬೇರೆ. ಕೋಷ್ಟಕದ ಸೊನ್ನೆ ಹಡಗು-ದೋಣಿಯವರಿಗಾಗಿ ಇಟ್ಟದ್ದು. ದೊಡ್ಡ ಇಳಿತದಲ್ಲೂ ನೀರು ಅದಕ್ಕಿಂತ ಕೆಳಗೆ ಹೋಗೋದು ಅಪರೂಪ. ನಿಮ್ಮ 0.9ರ ಸೊನ್ನೆ ಸಮುದ್ರದ ಸರಾಸರಿ ಮಟ್ಟ; ಅದು ಕೋಷ್ಟಕದ ಸೊನ್ನೆಯ ಮೇಲೆ 1.1ರಲ್ಲಿದೆ ಅಂತಿಟ್ಟುಕೊಳ್ಳಿ. 1.9ರಲ್ಲಿ ಕಳೆದರೆ 0.8. ಕಟ್ಟೆಗೆ ಉಳಿದದ್ದು 10 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ನನ್ನ ಚಿಂತೆ ಅದೇ. ನಿಮ್ಮ 0.9 ಹಳೆ ಬೆಂಚ್‌ಮಾರ್ಕಿನಿಂದ (ಎತ್ತರ ಗೊತ್ತಿರುವ ಸರ್ವೇ ಗುರುತು) ಬಂದಿದ್ದರೆ ಅದರ ಸೊನ್ನೆ 1909ರದ್ದು, ಕಾರವಾರವೂ ಸೇರಿ 9 ಬಂದರುಗಳ ಅಳತೆ ಮೇಲೆ ನಿಂತದ್ದು. ಆಮೇಲೆ ಸಮುದ್ರ ಏರಿದೆ. ಆ 10ರಲ್ಲಿ ಈಗ ಎಷ್ಟು ಉಳಿದಿದೆಯೋ! ಬಂದರಿನ ಲೆಕ್ಕ ಹಿನ್ನೀರಿಗೆ ಹಾಗೇ ಹೊಂದೋದೂ ಇಲ್ಲ. ಕಟ್ಟೆ ಬುಡದಲ್ಲಿ ಅಳತೆ ಕೋಲು ನೆಟ್ಟು ಭರತ, ಇಳಿತ ಎರಡೂ ಬರೆದಿಡಿ.

ಮಲ್ಪೆಯವರು: ಒಂದು ತಿಂಗಳು ಬರೆದರೆ ಸರಾಸರಿ ಸಿಗುತ್ತಾ?

ಸರ್ವೇಯರ್: ಇಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮಟ್ಟ ತಗ್ಗುತ್ತೆ, ಚಳಿಗಾಲಕ್ಕೆ ಏರುತ್ತೆ. ಚಂದ್ರನ ಪಥದ ಸುತ್ತು ಬೇರೆ 18.6 ವರ್ಷ. ಅದಕ್ಕೇ 19 ವರ್ಷದ ಅಳತೆ ಬೇಕು.

ದೋಣಿ ಮಾಲೀಕ: ಮಳೆಗಾಲದಲ್ಲಿ ಕಡಲು ತಗ್ಗುತ್ತಾ? ಆಷಾಢದಲ್ಲಿ ಒಮ್ಮೆ ಬನ್ನಿ ಸ್ವಾಮಿ.

ಸರ್ವೇಯರ್: ಅಲೆ ಬೇರೆ, ಮಟ್ಟ ಬೇರೆ.

ಅಂಕೋಲಾದವರು: ಗ್ರೂಪಲ್ಲಿ ಬಂತು: ಹುಣ್ಣಿಮೆ ಭರತಕ್ಕೆ ಗುರುತು ಹಾಕಿ, ಅದರ ಮೇಲೆ ಅರ್ಧ ಅಡಿ ಪಂಚಾಂಗ ಕಟ್ಟಿದರೆ ಮನೆಗೆ ಜೀವಮಾನ ಭಯವಿಲ್ಲವಂತೆ.

ಸರ್ವೇಯರ್: ಎಲ್ಲಾ ಹುಣ್ಣಿಮೆ ಒಂದೇ ಅಲ್ಲ. ಚಂದ್ರ ಹತ್ತಿರ ಬಂದಾಗ ಭರತ ಹೆಚ್ಚು, ಗಾಳಿ ತಳ್ಳಿದರೆ ಇನ್ನೂ ಹೆಚ್ಚು. ವಾಯುಭಾರ 1 ಮಿಲಿಬಾರ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತೆ. ಫಾರ್ವರ್ಡ್ ಮಾಡಿದವರು ನಿಮ್ಮ ಮನೆ ನೀರು ಎತ್ತಿಹಾಕೋಕೆ ಬರ್ತಾರಾ?

ಕಾರವಾರದವರು: ಫೋನು ನಮ್ಮ ಬೀಚನ್ನ ಮೈನಸ್ ಹತ್ತಾರು ಮೀಟರ್ ತೋರಿಸುತ್ತೆ. ಮುಳುಗ್ತೀವಾ?

ಸರ್ವೇಯರ್: ಇಲ್ಲ. ಉಪಗ್ರಹ ಅಳೆಯೋದು ಭೂಮಿಗೆ ಗಣಿತದಲ್ಲಿ ಕಲ್ಪಿಸಿದ ಗೋಳದಿಂದ, ಸಮುದ್ರದಿಂದಲ್ಲ. ಇಲ್ಲಿ ಆ ಗೋಳ ಸಮುದ್ರಕ್ಕಿಂತ ಮೇಲಿದೆ, ಅದಕ್ಕೇ ಮೈನಸ್.

ದೋಣಿ ಮಾಲೀಕ: ಸಮುದ್ರ ಏರಿದೆ ಅನ್ನೋದೆಲ್ಲಾ ಸುಳ್ಳು. ಅಜ್ಜನ ಕಾಲದ ಬಂಡೆ ಇವತ್ತೂ ಕಾಣುತ್ತೆ.

ಉಳ್ಳಾಲದವರು: ನಿಮ್ಮ ಬಂಡೆ ಇಟ್ಕೊಳ್ಳಿ. ಇಲ್ಲಿ ಮನೆಗಳೇ ಹೋದವು.

ದೋಣಿ ಮಾಲೀಕ: ಅದು ಕೊರೆತ, ಮಟ್ಟ ಅಲ್ಲ!

ಉಳ್ಳಾಲದವರು: ಮನೆ ಕಳಕೊಂಡವರ ಎದುರು ನಿಂತು ಹೇಳಿ ನೋಡುವಾ.

ಮಲ್ಪೆಯವರು: ಮಲ್ಪೆಯಲ್ಲಿ ಮಾಪಕ ಇದೆಯಾ ಸರ್?

ಹೊನ್ನಾವರದವರು: ನನ್ನ ಫೋನಲ್ಲೂ ಮೈನಸ್, ಏನ್ಮಾಡೋದು?

ಸರ್ವೇಯರ್: ಮೇಲೆ ಓದಿ.

ಗಜನಿ ರೈತ, ಕುಮಟಾ: ಕೋಲು ನೆಟ್ಟೆ ಸರ್. ನಿನ್ನೆ ರಾತ್ರಿ ಭರತ ಕಟ್ಟೆ ತಲೆಗೆ ನಾಲ್ಕು ಬೆರಳು ಕಡಿಮೆ. ಇಳಿತ ನೋಡೋಕೆ ಆಗಲಿಲ್ಲ, ನಿದ್ದೆ ಬಂತು.