‘ತಂಗಿ’ ಅಂತ ಕರೆದು ರೂಢಿಯಾದ ಬಾಯಿ – ಓದುಗರ ಸ್ಪಂದನ

‘ನನ್ನ ತಂಗಿ 22ನೇ ವಯಸ್ಸಿಗೆ ನಾನು ಹುಡುಗಿಯಲ್ಲ, ಗಂಡು ಅಂತಿದಾಳೆ. ಇದು ಕಾಯಿಲೆನಾ? ಇನ್ಮೇಲೆ ಏನಂತ ಕರೀಲಿ?’ ಅಂತ ಕೇಳಿದ್ದ ಅಕ್ಕನಿಗೆ ಬಂದ ಉತ್ತರಗಳಲ್ಲಿ ಕೆಲವು.

ಒಬ್ಬ ತಾಯಿ

ನೋಡಮ್ಮಾ, ನನ್ನ ಮಗಳ ವಯಸ್ಸಿನವಳು ಅಂತ ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ನಮ್ಮನೇಲೂ ಆಗಿದ್ದು ಇದೇ, ಆದ್ರೆ ತಿರುಗಾಮುರುಗಾ. ಮಗ ಅಂತ ಬೆಳೆಸಿದ ಕೂಸು 19 ತುಂಬಿದ ಮೇಲೆ ಒಂದಿನ ‘ಅಮ್ಮಾ ನಾನು ಹುಡುಗಿ’ ಅಂದ್ಳು. ಎದುರಿಗೆ ಮಾತಾಡೋದು ನಾನು ಹೆದರಿದಷ್ಟು ಕಷ್ಟ ಆಗ್ಲಿಲ್ಲ, ಯಾಕಂದ್ರೆ ನಮ್ಮ ಕನ್ನಡದಲ್ಲಿ ‘ನೀನು ಬಂದೆ, ನೀನು ಉಂಡೆ’ ಅನ್ನೋದ್ರಲ್ಲಿ ಗಂಡು ಹೆಣ್ಣು ಇಲ್ವಲ್ಲ, ಬಾರೋ ಅನ್ನೋದು ಬಾರೇ ಆಗ್ಬೇಕಿತ್ತು ಅಷ್ಟೇ. ಕಷ್ಟ ಇದ್ದಿದ್ದು ಅವಳು ಎದುರಿಗೆ ಇಲ್ದಾಗ. ನಮ್ಮಕ್ಕನ ಹತ್ರ ಫೋನಲ್ಲಿ ‘ಅವನು ಇನ್ನೂ ಎದ್ದಿಲ್ಲ ಕಣೆ’ ಅಂತಿದ್ದೆ, ಎಷ್ಟು ಸಲ ಅಂದಿದೀನೋ, ಒಂದಿನ ತಿರುಗಿ ನೋಡಿದ್ರೆ ಬಾಗಿಲಲ್ಲಿ ನಿಂತಿದ್ಲು. ಏನೂ ಅನ್ಲಿಲ್ಲ, ಒಳಗೆ ಹೋದ್ಲು. ಆ ಮುಖ ನನಗೆ ಇವತ್ತಿಗೂ ಮರೆಯಕ್ಕಾಗಿಲ್ಲ.

ಆಮೇಲೆ ನಾನೂ ನಮ್ಮನೆಯವರೂ ಇಬ್ಬರೇ ಇದ್ದಾಗ ಬೇಕು ಅಂತಲೇ ‘ಅವಳು ಬಂದ್ಳಾ, ಅವಳು ಏನಂದ್ಳು’ ಅಂತ ಮಾತಾಡಿ ರೂಢಿ ಮಾಡ್ಕೊಂಡ್ವಿ. ತಪ್ಪಿದಾಗ ತಕ್ಷಣ ಸರಿ ಮಾಡ್ಕೊಂಡು ಮಾತು ಮುಂದುವರ್ಸು, ಅಳ್ತಾ ಕೂರಬೇಡ. ನಾನು ಅತ್ತಾಗ ನನ್ನ ಮಗಳು ‘ನೀನು ಅತ್ರೆ ನಾನೇ ನಿನ್ನ ಸಮಾಧಾನ ಮಾಡ್ಬೇಕಾಗತ್ತಮ್ಮಾ’ ಅಂದಿದ್ಲು, ಅದು ನಿಜ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಓದುಗ

ಕಾಯಿಲೆನಾ ಅಂತ ಕೇಳಿದ್ರಿ. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಹೊಸ ವರ್ಗೀಕರಣ, ಅಂದ್ರೆ ಐಸಿಡಿ-11, ಇದನ್ನ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿದೆ, 2022ರ ಜನವರಿಯಿಂದ ಜಾರಿಗೂ ಬಂದಿದೆ. ಪೂರ್ತಿ ಯಾಕೆ ತೆಗೀಲಿಲ್ಲ ಅಂದ್ರೆ ಹಾರ್ಮೋನ್, ಸರ್ಜರಿ ಬೇಕು ಅನ್ನೋರಿಗೆ ಚಿಕಿತ್ಸೆ ಸಿಗೋದು ನಿಂತುಹೋಗಬಾರದು ಅಂತ. ಅಮೆರಿಕದ ಮನೋವೈದ್ಯರೂ 2013ರಲ್ಲೇ ‘ಡಿಸಾರ್ಡರ್’ ಅನ್ನೋ ಪದ ಬಿಟ್ಟು ‘ಡಿಸ್ಫೋರಿಯಾ’ ಅಂದ್ರು, ಅಂದ್ರೆ ಒಳಗಿನ ಸಂಕಟಕ್ಕೆ ಹೆಸರೇ ಹೊರತು ಆ ಮನುಷ್ಯನಿಗಲ್ಲ. ‘ಮನಸ್ಸು ಬದಲಾಯಿಸಿ ಮತ್ತೆ ಹುಡುಗಿ ಮಾಡಿ ಕೊಡ್ತೀವಿ’ ಅನ್ನೋರ ಹತ್ರ ಮಾತ್ರ ದಯವಿಟ್ಟು ಕರ್ಕೊಂಡು ಹೋಗಬೇಡಿ, ಅದರಿಂದ ಬದಲಾವಣೆ ಆಗಲ್ಲ, ಹಾನಿ ಆಗತ್ತೆ. ಅವರಿಗೆ ಸಂಕಟ ಇದ್ರೆ ಅದಕ್ಕೆ ಕೌನ್ಸೆಲಿಂಗ್ ಕೊಡಿಸಿ, ಅದು ಬೇರೆ ವಿಷಯ.

ನಾನೂ ಟ್ರಾನ್ಸ್ ಮ್ಯಾನ್

ಅಕ್ಕಾ, ನೆಂಟರು ‘ಮಂಗಳಮುಖಿ ಆಗ್ಬಿಟ್ಳಾ’ ಅಂತ ಕೇಳಿದ್ದಕ್ಕೆ ನಿಮ್ಮ ಹತ್ರ ಉತ್ತರ ಇರಲಿಲ್ಲ ಅಂತ ಬರೆದಿದೀರ. ಆ ಪದ ಹುಟ್ಟಿದಾಗ ಗಂಡು ಅಂತ ಬರೆಸಿಕೊಂಡು ಹೆಣ್ಣಾಗಿ ಬದುಕೋರಿಗೆ ಹೇಳೋದು, ನಿಮ್ಮ ತಮ್ಮನಿಗೂ ನನಗೂ ಅದು ಹೊಂದಲ್ಲ. ಎಲ್ಲರನ್ನೂ ಒಟ್ಟಿಗೆ ಹೇಳೋಕೆ ಲಿಂಗತ್ವ ಅಲ್ಪಸಂಖ್ಯಾತರು ಅನ್ನೋದಿದೆ, ಆದ್ರೆ ಅದು ಪತ್ರಿಕೆ, ಸಭೆಗೆ ಸರಿ, ಮನೇಲಿ ಯಾರು ತಮ್ಮನ್ನ ಹಾಗೆ ಕರೀತಾರೆ ಹೇಳಿ. ‘ಟ್ರಾನ್ಸ್’ ಅಂದ್ರೆ ಲ್ಯಾಟಿನ್‌ನಲ್ಲಿ ‘ಆಚೆ ಬದಿ’, ‘ಸಿಸ್’ ಅಂದ್ರೆ ‘ಈಚೆ ಬದಿ’, ಹುಟ್ಟಿದಾಗ ಬರೆಸಿದ್ದೇ ತಾನು ಅನ್ನಿಸೋ ನೀವು ಸಿಸ್, ಹಾಗನ್ನಿಸದ ನಾವು ಟ್ರಾನ್ಸ್, ಎರಡರಲ್ಲೂ ಬೈಗುಳ ಇಲ್ಲ. ಹುಟ್ಟುವಾಗಲೇ ದೇಹದ ಲಕ್ಷಣ ಬೇರೆ ಇರೋ ಅಂತರಲಿಂಗಿಗಳ ವಿಷಯ ಇದಲ್ಲ, ಯಾರನ್ನ ಪ್ರೀತಿಸ್ತೀವಿ ಅನ್ನೋದೂ ಇದಲ್ಲ, ನೆಂಟರು ಮೂರನ್ನೂ ಕಲಸಿಬಿಡ್ತಾರೆ.

‘ಅದು’ ಅಂತ ಮಾತ್ರ ಯಾರಿಗೂ ಅನ್ನಕ್ಕೆ ಬಿಡಬೇಡಿ. ಶಾಲೆ ವ್ಯಾಕರಣದಲ್ಲಿ ನಪುಂಸಕಲಿಂಗ ಅಂತ ಓದಿದ್ವಲ್ಲ, ಆ ಪಾಠದ ದಿನ ಇಡೀ ಕ್ಲಾಸು ನನ್ನ ಕಡೆ ತಿರುಗಿ ನಕ್ಕಿತ್ತು. ಕೆಲವರು ‘ಅವರು’ ಅಂತ ಬಹುವಚನ ಬಳಸಿ ತಪ್ಪಿಸ್ಕೊಳ್ತಾರೆ, ಹೊರಗಿನೋರು ಹಾಗಂದ್ರೆ ಗೌರವ, ಕೆಲವರಿಗೆ ಅದೇ ಇಷ್ಟ ಕೂಡ, ಆದ್ರೆ ನಮ್ಮಕ್ಕ ನನಗೆ ಆರು ತಿಂಗಳು ‘ಅವರು’ ಅಂದಾಗ ಮನೆಯಿಂದ ಆಚೆ ಹಾಕಿದ ಹಾಗಾಗಿತ್ತು. ಬೈದ್ರೂ ಪರವಾಗಿಲ್ಲ, ಹೋಗಲೋ ಅನ್ಲಿ ಅನ್ನಿಸ್ತಿತ್ತು. ಆಪರೇಷನ್ ಯಾವಾಗ ಅಂತ ಈಗಲೇ ಕೇಳಬೇಡಿ, ಎಲ್ಲರೂ ಮಾಡಿಸ್ಕೊಳ್ಳಲ್ಲ, ಮಾಡಿಸ್ಕೊಳ್ದಿದ್ರೂ ಅವನು ಗಂಡೇ. ಹೆಸರು ಮಾತ್ರ ಕೇಳಿ, ಅವನು ಮನಸ್ಸಲ್ಲಿ ಒಂದು ಇಟ್ಕೊಂಡಿರ್ತಾನೆ.

ಇನ್ನೊಂದು. ಪತ್ರದ ತುಂಬ ಅವಳು ಅವಳು ಅಂತ ಬರೆದು ಕೊನೇ ಸಾಲಲ್ಲಿ ‘ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ಅವನು ಹೀಗಿದ್ರೆ ನನಗೆ ನಿದ್ದೆ ಬರಲ್ಲ’ ಅಂದಿದೀರ, ಗಮನಿಸಿದ್ರಾ? ಆ ಸಾಲು ಅವನಿಗೆ ತೋರಿಸಿ.