ಅಜ್ಜಿ ಪಾತ್ರದ ಹೆಡ್ ಟರ್ನ್: ರಿಗ್ ಮಾಡುವುದಾ, ಕೈಯಲ್ಲೇ ಬಿಡಿಸುವುದಾ?

ಕಥೆಪೆಟ್ಟಿಗೆ: ಎಲ್ಲರಿಗೂ ನಮಸ್ಕಾರ. ಮಕ್ಕಳ ಕಥೆಗೆ ಒಂದು ಅಜ್ಜಿ ಪಾತ್ರ ಮಾಡುತ್ತಿದ್ದೇನೆ. ತುರುಬು, ಕುಂಕುಮ, ಮೂಗುಬೊಟ್ಟು ಎಲ್ಲ ಇದೆ. ಮುಕ್ಕಾಲು ಮುಖದಿಂದ ಎದುರಿಗೆ, ಅಲ್ಲಿಂದ ಆ ಕಡೆಯ ಮುಕ್ಕಾಲು ಮುಖಕ್ಕೆ ತಲೆ ತಿರುಗಬೇಕು. ಚಿತ್ರವನ್ನು ಬೊಂಬೆಯ ಹಾಗೆ ಆಡಿಸುವ ರಿಗ್ ಕಟ್ಟಲು ಮೋಹೋ ಸಾಫ್ಟ್‌ವೇರ್ ಹಿಡಿಯಲಾ, ಹಾರ್ಮನಿ ಕಲಿಯಲಾ, ಇಲ್ಲಾ ಒಂದೊಂದು ಚಿತ್ರ ಕೈಯಲ್ಲೇ ಬಿಡಿಸಲಾ? ವಾರಕ್ಕೆ ಒಂದು ಕಥೆ, 4 ನಿಮಿಷದ್ದು. ಲ್ಯಾಪ್‌ಟಾಪ್ 8 ಜಿಬಿ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕರಾವಳಿ ಕುಂಚ: ಮೋಹೋ ತಗೊಳ್ಳಿ. ಪ್ರೊ ಆವೃತ್ತಿಯನ್ನೇ ತಗೊಳ್ಳಿ, ಕಡಿಮೆ ಬೆಲೆಯ ಡೆಬ್ಯೂದಲ್ಲಿ ಸ್ಮಾರ್ಟ್ ಬೋನ್ (ಒಂದು ಎಲುಬು ತಿರುಗಿಸಿದರೆ ಇಡೀ ಮುಖದ ಆಕಾರ ಬದಲಾಗುವ ಸೌಲಭ್ಯ) ಇಲ್ಲ. 2012ರಲ್ಲಿ, ಅದರ ಹೆಸರು ಇನ್ನೂ ಅನಿಮೆ ಸ್ಟುಡಿಯೋ ಅಂತ ಇದ್ದಾಗ, ಸ್ಮಾರ್ಟ್ ಬೋನ್ ಬಂತು. ಆಮೇಲೆ ನಾನು ಬೇರೆ ಯಾವುದನ್ನೂ ಮುಟ್ಟಿಲ್ಲ. ದುಡ್ಡು ಒಂದೇ ಸಲ. ಆದರೆ ಬರೀ ಡಾಲರ್ ಬೆಲೆ ನೋಡಿ ಲೆಕ್ಕ ಹಾಕಬೇಡಿ. ನನ್ನ ಕಾರ್ಡಿನವರು 3.5 ಪರ್ಸೆಂಟ್ ಫಾರೆಕ್ಸ್ ಮಾರ್ಕಪ್, ಅಂದರೆ ವಿದೇಶಿ ಪಾವತಿಯ ಶುಲ್ಕ, ಹಾಕಿದರು. ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮೊದಲು ಪೇಮೆಂಟ್ ಫೇಲ್ ಆಗಿ ದುಡ್ಡು ಕಟ್ ಆಯಿತು. ವಾಪಸ್ ಬರುವ ಹೊತ್ತಿಗೆ ಡಾಲರ್ ರೇಟ್ ಬೇರೆ. ಅದರಲ್ಲೇ ₹412 ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾನು ಮಾಡಿದ್ದು ಯಕ್ಷಗಾನದ ಅಭಿಮನ್ಯು, ಕೇದಗೆ ಮುಂದಲೆ ಎಂಬ ತಲೆಯ ವೇಷದ ಸಮೇತ. ಮುಖದ ಭಾಗ ಎಲ್ಲರಿಗೂ ಗೊತ್ತಿರುವುದೇ. ಮೂಗು ಎಲ್ಲಕ್ಕಿಂತ ಜಾಸ್ತಿ ಸರಿಯಬೇಕು, ಕಣ್ಣು ಅದಕ್ಕಿಂತ ಕಡಿಮೆ, ಕಿವಿ ಎದುರು ದಿಕ್ಕಿಗೆ. ಮುಂದಲೆ ಮಾತ್ರ ಜೀವ ತಿಂದಿತು. ಎಡ-ಬಲಕ್ಕೆ ಒಂದು ಬೋನ್, ಮೇಲೆ-ಕೆಳಗೆ ಇನ್ನೊಂದು. ಒಂದೊಂದನ್ನೇ ಆಡಿಸಿದರೆ ಎಲ್ಲ ಸರಿ. ಬಲಕ್ಕೆ ತಿರುಗಿ ಕೆಳಗೆ ನೋಡಿದ ಕೂಡಲೇ ದವಡೆ ಒಳಗೆ ಮಡಚಿಕೊಳ್ಳುತ್ತಿತ್ತು, ಮುಂದಲೆಯ ತುದಿ ಹಣೆಯೊಳಗೆ ಇಳಿಯುತ್ತಿತ್ತು. ಎರಡು ಬೋನ್ ಸರಿಸಿದ್ದು ಒಂದರ ಮೇಲೊಂದು ಕೂಡಿಕೊಳ್ಳುತ್ತದೆ, ಅದಕ್ಕೇ ಹಾಗೆ. ನಾಲ್ಕು ಮೂಲೆಗೂ ಬೇರೆ ಬೇರೆ ತಿದ್ದುಪಡಿ ಮಾಡಿದ ಮೇಲೇ ಅದು ನಿಂತಿದ್ದು. ಇವತ್ತು ಆ ತಲೆಯನ್ನು ಯಾವ ಕಡೆ ಎಳೆದರೂ ಮುರಿಯುವುದಿಲ್ಲ.

ಪೆನ್ಸಿಲ್ ಪಾರ್ಟಿ: ಕೈಯಲ್ಲೇ ಬಿಡಿಸಿ. ರಿಗ್ ಮಾಡಿದ ತಲೆ ತಿರುಗುವುದಿಲ್ಲ, ಜಾರುತ್ತದೆ. ಬಲೂನಿಗೆ ಅಂಟಿಸಿದ ಸ್ಟಿಕ್ಕರ್ ಹಾಗೆ ಕಣ್ಣು ಮೂಗು ಪಕ್ಕಕ್ಕೆ ಹೋಗುತ್ತವೆ ಅಷ್ಟೇ. ಅರ್ಧ ಸೆಕೆಂಡಿನ ಟರ್ನ್ ಅಂದರೆ 12 ಫ್ರೇಮ್. ಎರಡು ಫ್ರೇಮಿಗೆ ಒಂದು ಚಿತ್ರ ಹಾಕಿದರೆ ಬರೀ 6 ಚಿತ್ರ. ಮೊದಲು ಕಣ್ಣುಗುಡ್ಡೆ ಹೋಗುತ್ತದೆ. ಆಮೇಲೆ ರೆಪ್ಪೆ ಮುಚ್ಚುತ್ತದೆ. ನಡುವಿನ ಚಿತ್ರದಲ್ಲಿ ಗದ್ದ ಕೆಳಗೆ ಇಳಿದಿರಬೇಕು, ಆ ಕಡೆ ಏರುವಾಗ ಕಣ್ಣು ತೆರೆಯಬೇಕು. ಆ ಒಂದು ಇಳಿತದಲ್ಲೇ ತೂಕ ಇರುವುದು.

ಸಾಫ್ಟ್‌ವೇರ್‌ಗೆ ನಾನು ಒಂದು ಪೈಸೆ ಕೊಟ್ಟಿಲ್ಲ. ಓಪನ್‌ಟೂನ್ಜ್ 2016ರಿಂದ ಉಚಿತ, ಜಪಾನಿನ ಘಿಬ್ಲಿ ಸ್ಟುಡಿಯೋದವರು ಬಳಸಿದ ಟೂನ್ಜೇ ಅದರ ಮೂಲ. ದುಡ್ಡು ಹೋಗಿದ್ದು ಪರದೆ ಮೇಲೇ ಬಿಡಿಸುವ ಪೆನ್ ಡಿಸ್‌ಪ್ಲೇಗೆ, ₹38,500. ಅದರ ಕೇಬಲ್ ಹೋಯಿತು. ಮನೆಯಲ್ಲಿದ್ದ ಟೈಪ್-ಸಿ ಕೇಬಲ್ ಹಾಕಿದರೆ ಪರದೆ ಬೆಳಗಲಿಲ್ಲ, ಚಿತ್ರ ಸಾಗಿಸುವ ಕೇಬಲ್ಲೇ ಬೇರೆಯಂತೆ. ಅದಕ್ಕೆ ₹1,850. ಪರದೆಗೆ ಒರಟು ಹಾಳೆ ಅಂಟಿಸಿದ್ದಕ್ಕೆ ಪೆನ್ನಿನ ನಿಬ್ ಸವೆದು ಸವೆದು ಹೋಯಿತು, ಅದು ಬೇರೆ ಖರ್ಚು. ಇಷ್ಟಾದ ಮೇಲೆ ಒಬ್ಬ ಕ್ಲೈಂಟ್ 'ಎಲ್ಲ ಕಂಪ್ಯೂಟರೇ ಮಾಡುತ್ತದಲ್ಲ' ಅಂತ ಬಿಲ್ಲಿನಲ್ಲಿ ₹6,000 ಹಿಡಿದುಕೊಂಡ.

ಕರಾವಳಿ ಕುಂಚ: ಬರೀ 6 ಚಿತ್ರವಾ? 4 ನಿಮಿಷದ ಕಥೆಯಲ್ಲಿ ಅಜ್ಜಿ 40 ಸಲ ತಲೆ ತಿರುಗಿಸಿದರೂ ವಾರಕ್ಕೆ 240 ಚಿತ್ರ. ಬಣ್ಣ ಯಾರು ತುಂಬುತ್ತಾರೆ? ಸ್ಟಿಕ್ಕರ್ ಅನ್ನುವ ಮೊದಲು ಒಳ್ಳೆಯ ರಿಗ್ ಒಂದನ್ನು ನೋಡಿ. ನನ್ನ ರಿಗ್‌ನಲ್ಲಿ ಗದ್ದವೂ ಇಳಿಯುತ್ತದೆ, ರೆಪ್ಪೆಯೂ ಮುಚ್ಚುತ್ತದೆ.

ಪೆನ್ಸಿಲ್ ಪಾರ್ಟಿ: 40 ಸಲವೂ ಒಂದೇ ಥರ ಇಳಿಯುತ್ತದೆ ಅಲ್ವಾ? ಸಿಟ್ಟಲ್ಲಿ ತಿರುಗುವುದು ಬೇರೆ, ಯಾರೋ ಕರೆದರೆಂದು ತಿರುಗುವುದು ಬೇರೆ.

ಹೊಸಕೆರೆಹಳ್ಳಿ ಅನಿಮೇಟರ್: ಇಬ್ಬರೂ ಅರ್ಧ ಅರ್ಧ ಹೇಳುತ್ತಿದ್ದೀರಿ. ಸ್ಟುಡಿಯೋದಲ್ಲಿ ಹಾರ್ಮನಿ ಮೇಲೆ ಸರಣಿ ಮಾಡಿದ್ದೇನೆ. ಅಲ್ಲಿ ಐದು ಕೋನದ ತಲೆಯನ್ನು ಕೈಯಲ್ಲೇ ಬಿಡಿಸುತ್ತೇವೆ, ನಡುವಿನ ಜಾಗವನ್ನು ಡಿಫಾರ್ಮರ್, ಅಂದರೆ ಚಿತ್ರವನ್ನು ಬಾಗಿಸುವ ಸಾಧನ, ತುಂಬುತ್ತದೆ. ಎಲ್ಲವನ್ನೂ ಒಂದೇ ಹಿಡಿಯಿಂದ ಆಡಿಸುವ ಮಾಸ್ಟರ್ ಕಂಟ್ರೋಲರ್ ಬೇಕಂದರೆ ಹಾರ್ಮನಿಯ ಪ್ರೀಮಿಯಂ ಆವೃತ್ತಿ ಬೇಕು. ಕೆಳಗಿನ ಆವೃತ್ತಿ ಎಸೆನ್ಶಿಯಲ್ಸ್‌ನಲ್ಲಿ ಡಿಫಾರ್ಮರೇ ಇಲ್ಲ. ಮನೆಯಿಂದ ಸ್ವಂತ ಕೆಲಸ ಶುರು ಮಾಡಿದ ಮೇಲೆ ನನಗೆ ಚಂದಾ ಕಟ್ಟುವುದೇ ಕಷ್ಟ. ಕೆಲಸ ಇಲ್ಲದ ತಿಂಗಳು ನಿಲ್ಲಿಸಿದೆ. ಹಳೇ ಕ್ಲೈಂಟ್ 'ಒಂದು ಶಾಟ್ ತಿದ್ದಿ' ಅಂತ ಬಂದರು. ಫೈಲ್ ನನ್ನ ಡಿಸ್ಕ್‌ನಲ್ಲೇ ಇದೆ, ತೆರೆಯುವ ಹಾಗಿಲ್ಲ. ಒಂದು ಶಾಟ್‌ಗಾಗಿ ಇಡೀ ತಿಂಗಳ ದುಡ್ಡು ಕಟ್ಟಿದೆ. ಆ ಶಾಟ್‌ಗೆ ಅವರು ಕೊಟ್ಟಿದ್ದು ₹1,200.

ಇನ್ನೊಂದು ಮಾತು. ನಮ್ಮ ಸ್ಟುಡಿಯೋದಲ್ಲಿ ಒಂದು ಕಡೆಯ ಮುಖ ಬಿಡಿಸಿ, ಇನ್ನೊಂದು ಕಡೆಗೆ ಅದನ್ನೇ ಫ್ಲಿಪ್ ಮಾಡಿ ಎಂದರು ಮೇಲಿನವರು. ಪಾತ್ರಕ್ಕೆ ಮೂಗುಬೊಟ್ಟು ಇತ್ತು. ತಲೆ ತಿರುಗಿದಾಗಲೆಲ್ಲ ಬೊಟ್ಟು ಆ ಹೊಳ್ಳೆಯಿಂದ ಈ ಹೊಳ್ಳೆಗೆ ಹಾರುತ್ತಿತ್ತು. ಸೆರಗಿನ ಪಿನ್ನೂ ಭುಜ ಬದಲಿಸುತ್ತಿತ್ತು. ಕೊನೆಗೆ ಇಡೀ ಕಂತು ಮತ್ತೆ ರೆಂಡರ್, ರಾತ್ರಿ ಕೂತವರು ನಾವು. ಹೆಚ್ಚುವರಿ ಹಣ ಬರಲೇ ಇಲ್ಲ. ಬೊಟ್ಟನ್ನು ಬೇರೆ ಲೇಯರ್‌ನಲ್ಲಿ ಇಡಬೇಕು, ಬಲ ಹೊಳ್ಳೆಗೆ ಕಟ್ಟಬೇಕು. ಮುಖ ಪಾತ್ರದ ಬಲಕ್ಕೆ ಜಾಸ್ತಿ ತಿರುಗಿದರೆ ಅದು ಮೂಗಿನ ಹಿಂದೆ ಮರೆಯಾಗಬೇಕು.

ಧಾರವಾಡ ಪೇಡೆ: ಬಲ ಹೊಳ್ಳೆ ಯಾಕ್ರೀ? ನಮ್ಮ ಕಡೆ ಎಡಕ್ಕೇ ಹಾಕೋದು. ನಮ್ಮವ್ವಂದೂ ಎಡಕ್ಕ, ಅಜ್ಜಿದೂ ಎಡಕ್ಕ.

ಹೊಸಕೆರೆಹಳ್ಳಿ ಅನಿಮೇಟರ್: ನಮ್ಮ ಮನೆಯಲ್ಲಿ ಎಲ್ಲರದೂ ಬಲಕ್ಕೆ. ಆ ಪಾತ್ರದ್ದೂ ಬಲಕ್ಕೇ ಇತ್ತು.

ಮೈಸೂರು ಮಲ್ಲಿಗೆ: ನಮ್ಮ ಅಜ್ಜಿಗೆ ಎರಡೂ ಕಡೆ ಇತ್ತು. ಫ್ಲಿಪ್ ಮಾಡಿದರೂ ನಡೆಯುತ್ತದೆ.

ಹೊಸಕೆರೆಹಳ್ಳಿ ಅನಿಮೇಟರ್: ನಡೆಯುವುದಿಲ್ಲ ಮೇಡಂ. ಸೆರಗು ಏನು ಮಾಡುತ್ತೀರಿ? ತುರುಬಿನ ಹೂ ಒಂದು ಪಕ್ಕಕ್ಕೆ ಇರುತ್ತದಲ್ಲ, ಅದು?

ಶಿವಮೊಗ್ಗ ಸ್ಟ್ರೀಮ್: ಲೈವ್2ಡಿ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲೇ ಇಲ್ಲ. ತಲೆ ಎಡ-ಬಲ ತಿರುಗಿಸಲು ಆ್ಯಂಗಲ್ ಎಕ್ಸ್ ಅಂತ ಒಂದು ಪ್ಯಾರಾಮೀಟರ್, ಮೈನಸ್ 30ರಿಂದ 30ರವರೆಗೆ. ಎರಡು ತುದಿಯ ಆಕಾರ ಕೊಟ್ಟರೆ ನಡುವಿನದು ಅದೇ ಮಾಡಿಕೊಳ್ಳುತ್ತದೆ. ವೆಬ್‌ಕ್ಯಾಮ್ ಮುಂದೆ ನಾನು ತಲೆ ತಿರುಗಿಸಿದರೆ ಪಾತ್ರವೂ ತಿರುಗುತ್ತದೆ. ಸಿಟ್ಟಲ್ಲಿ ತಿರುಗಿದರೆ ಸಿಟ್ಟಲ್ಲೇ ತಿರುಗುತ್ತದೆ, ಪೆನ್ಸಿಲ್ ಸರ್ ಇದನ್ನು ಗಮನಿಸಬೇಕು. ಆದರೆ ಚಿತ್ರದ ತುಂಡು ಸರಿಯಾಗಿ ಬೇರೆ ಮಾಡಿರಬೇಕು. ನನಗೆ ಚಿತ್ರ ಬಿಡಿಸಿಕೊಟ್ಟವರು ಕೂದಲಿನ ಕೆಳಗೆ ಹಣೆ ಬಿಡಿಸಿರಲಿಲ್ಲ. ಕೂದಲು ಸರಿದ ಕೂಡಲೇ ತೂತು. ಹಣೆ, ಕಿವಿಯ ಹಿಂಭಾಗ, ಕತ್ತು ತುಂಬಿಸಲು ಮತ್ತೆ ₹3,500 ಕೇಳಿದರು, ಕೊಟ್ಟೆ. ಪೂರ್ತಿ ಪಕ್ಕದ ಮುಖ ಬೇಕಂದರೆ ಇದರಲ್ಲಿ ಆಗುವುದಿಲ್ಲ, ಬೇರೆ ಚಿತ್ರವೇ ಬೇಕು.

ಪೆನ್ಸಿಲ್ ಪಾರ್ಟಿ: ಕ್ಯಾಮೆರಾ ಮುಂದೆ ನೀವು ತಲೆ ಆಡಿಸುವುದು ಅನಿಮೇಷನ್ ಅಲ್ಲ.

ಶಿವಮೊಗ್ಗ ಸ್ಟ್ರೀಮ್: ರಿಗ್ ಕಟ್ಟಿದವರು ಯಾರು ಸರ್? ಒಂದೊಂದು ತುಂಡಿನ ಮೆಶ್ (ಬಾಗಿಸಲು ಹಾಕುವ ಬಲೆ) ನಾನೇ ಕೈಯಲ್ಲಿ ಬಾಗಿಸಿದ್ದೇನೆ. ಬೇರೆಯವರ ಶ್ರಮಕ್ಕೆ ಹೀಗೆ ಮಾತಾಡಬೇಡಿ.

ಕಥೆಪೆಟ್ಟಿಗೆ: ಎಲ್ಲರಿಗೂ ಥ್ಯಾಂಕ್ಸ್. 8 ಜಿಬಿಯಲ್ಲಿ ಇದರಲ್ಲಿ ಯಾವುದು ಓಡುತ್ತದೆ?

ಧಾರವಾಡ ಪೇಡೆ: ಮೊದಲು ಮೂಗುಬೊಟ್ಟು ಯಾವ ಕಡೆ ಅಂತ ಹೇಳ್ರೀ.

ಕರಾವಳಿ ಕುಂಚ: ನನ್ನ ಅಭಿಮನ್ಯು 8 ಜಿಬಿಯಲ್ಲೇ ಆಗಿದ್ದು. ವೆಕ್ಟರ್ (ಬಿಂದು-ಗೆರೆಗಳಲ್ಲಿ ಕಟ್ಟಿದ) ಚಿತ್ರ ಮಾತ್ರ ಬಳಸಿ, ದೊಡ್ಡ ಫೋಟೋಶಾಪ್ ಚಿತ್ರ ಒಳಗೆ ತರಬೇಡಿ.

ಪೆನ್ಸಿಲ್ ಪಾರ್ಟಿ: ಆ ಅಭಿಮನ್ಯು ವಿಡಿಯೋ ಇಲ್ಲಿ ಹಾಕಿ. ಕಣ್ಣು ಮೊದಲು ಹೋಗುತ್ತದಾ, ತಲೆಯಾ, ಎಲ್ಲರೂ ನೋಡಲಿ.

ಕರಾವಳಿ ಕುಂಚ: ಇವತ್ತು ರಾತ್ರಿಯೇ ಹಾಕುತ್ತೇನೆ. ನೀವೂ ನಿಮ್ಮ 6 ಚಿತ್ರ ಒಂದೊಂದಾಗಿ ಹಾಕಿ. ಬಣ್ಣ ತುಂಬಿ ಹಾಕಿ.